ಸ್ಲ್ಯಾಬಿನ ಪೂರ್ವದ ಅರ್ಧ

ಹುಮನಾಬಾದ
3 ಡಿಸೆಂಬರ್ 2024

ಮುಡಬಿಯ ಗೌಂಡಿ ವೈಜಿನಾಥ ಅವರಿಗೆ,

ಜೈ ಭೀಮ. ಹತ್ತು ವರ್ಷಗಳ ನಂತರ ನನ್ನ ಅಕ್ಷರ ನೋಡಿ ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಇದು ಮನೆಯ ಪತ್ರವಲ್ಲ, ಕೆಲಸದ ಪತ್ರ. ನಿಮಗೆ ಈಗ ಕಿವಿ ಪೂರ್ತಿ ಕೇಳುವುದಿಲ್ಲ, ಫೋನು ಮಾಡಿ ಉಪಯೋಗವಿಲ್ಲ ಎಂದು ಅಜ್ಜಿ ಯಾರ ಕೈಲೋ ಹೇಳಿಕಳಿಸಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನೀಗ ಹುಮನಾಬಾದಿನ ಹೊರಗೆ, ಹೆದ್ದಾರಿಯ ಪಕ್ಕದ ಒಂದು ಕ್ರಷರಿನಲ್ಲಿ ಇಂಜಿನಿಯರ್. ಇಲ್ಲಿ ಗುಡ್ಡ ಒಡೆದು ಖಡಿ, ಅಂದರೆ ಜಲ್ಲಿ, ಮಾಡುವುದಿಲ್ಲ. ಕೆಡವಿದ ಕಟ್ಟಡಗಳ ಕಾಂಕ್ರೀಟು ತಂದು, ಕಬ್ಬಿಣ ಬೇರೆ ಮಾಡಿ, ಒಡೆದು, ಜರಡಿ ಹಿಡಿದು ಮತ್ತೆ ಖಡಿ ಮಾಡುತ್ತೇವೆ. ಹೊಸ ಕಟ್ಟಡದ ಪಿಲ್ಲರು, ಸ್ಲ್ಯಾಬಿಗೆ ಐದರಲ್ಲಿ ಒಂದು ಪಾಲು ಈ ಖಡಿ ಬೆರೆಸಬಹುದು. ಬೆರೆಸಲು ಯಾವುದು ಯೋಗ್ಯ, ಯಾವುದು ಅಲ್ಲ ಎಂದು ಪರೀಕ್ಷಿಸಿ ಸಹಿ ಹಾಕುವವಳು ನಾನು.

ಕಳೆದ ವಾರ ಒಂಬತ್ತು ಟಿಪ್ಪರ್ ಮಾಲು ಬಂತು. ಚೀಟಿಯ ಮೇಲೆ ‘ಮುಡಬಿ, ಸಮಾಜ ಮಂದಿರ’ ಎಂದಿತ್ತು. ಚೀಟಿಯನ್ನು ಎರಡು ಸಲ ಓದಿದೆ. ಆ ಮಂದಿರದ ಸ್ಲ್ಯಾಬು ಅರ್ಧ ಕುಸಿದು ಅವ್ವ ಸತ್ತಾಗ ನನಗೆ ಹದಿನಾರು. ಉಳಿದ ಅರ್ಧ ಏನೂ ಆಗಿಲ್ಲವೆಂಬಂತೆ ಹತ್ತು ವರ್ಷ ನಿಂತಿತ್ತು. ಈಗ ಎರಡೂ ಒಂದೇ ರಾಶಿಯಾಗಿ ನನ್ನ ಕಿಟಕಿಯ ಎದುರಿಗೆ ಬಿದ್ದಿವೆ. ಈ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ.

ಹಳೆಯ ಕಾಂಕ್ರೀಟಿನ ಹುಟ್ಟು ಗೊತ್ತಿದ್ದರೆ ನನ್ನ ಕೆಲಸ ಸುಲಭವಾಗುತ್ತದೆ. 1993ರಲ್ಲಿ ಅದನ್ನು ಕಟ್ಟಿದವರು ನೀವು. ಖಡಿ ಎಲ್ಲಿಯದು? ಉಸುಕು ಎಲ್ಲಿಯದು? ಸಿಮೆಂಟು ಎಷ್ಟಕ್ಕೆ ಎಷ್ಟು ಹಾಕಿದಿರಿ, ಅಂದರೆ ನಿಜವಾಗಿ ಎಷ್ಟು ಹಾಕಿದಿರಿ? ಇಷ್ಟು ತಿಳಿಸಿದರೆ ಸಾಕು. ಬೇರೇನೂ ಬರೆಯಬೇಕಾಗಿಲ್ಲ. ಅವ್ವನ ಬಗ್ಗೆಯಂತೂ ಬೇಡ.

ಆಮ್ರಪಾಲಿ
(ರತ್ನಮಾಲಾಳ ಮಗಳು)


ಮುಡಬಿ
19 ಡಿಸೆಂಬರ್ 2024

ಚಿ. ಆಮ್ರಪಾಲಿಗೆ ಮಾಮಾ ವೈಜಿನಾಥನ ಆಶೀರ್ವಾದ. ಜೈ ಭೀಮ.

ನಿನ್ನ ಕಾಗದ ಬಂತು. ಏಳನೆಯ ಇಯತ್ತೆ ಓದಿದವನು ನಾನು, ತಪ್ಪಿದ್ದರೆ ತಿದ್ದಿಕೋ. ನಿನ್ನ ಅಕ್ಷರ ನಿನ್ನ ಅವ್ವನದರ ಹಾಗೆಯೇ ಬಲಕ್ಕೆ ವಾಲುತ್ತದೆ. ಅವಳ ಬಗ್ಗೆ ಬರೆಯಬೇಡ ಎಂದಿದ್ದೀ. ಇಷ್ಟೇ, ಇನ್ನು ಬರೆಯುವುದಿಲ್ಲ.

ಖಡಿ ಕೊಡಂಬಲದ ಕಡೆಯ ಕರಿಕಲ್ಲು. ಕೈಯಿಂದ ಒಡೆದದ್ದು, ಗಟ್ಟಿ ಮಾಲು. ಉಸುಕು ದೊಡ್ಡ ಹಳ್ಳದ್ದು, ಎರಡು ಸಲ ಜರಡಿಯಲ್ಲಿ ಚಾಳಿಸಿದ್ದೆವು. ಸಿಮೆಂಟು ಒಂದಕ್ಕೆ ಎರಡು ಉಸುಕು, ನಾಲ್ಕು ಖಡಿ. ಬಂದ ಚೀಲಗಳೆಲ್ಲ ಅದರಲ್ಲೇ ಹೋದವು. ನೀನು ನಂಬುವುದಿಲ್ಲ ಎಂದು ಗೊತ್ತು. ಓಣಿಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ಅವತ್ತು ಮಣ್ಣು ಕೊಡಲು ಹೋದಾಗ ನೀನು ಎಲ್ಲರ ಎದುರು ಅಂದೆಯಲ್ಲ, “ಸಿಮೆಂಟ್ ತಿಂದು ನಮ್ಮವ್ವನ್ನ ಕೊಂದಿ” ಎಂದು. ಆಗ ನನ್ನ ಕಿವಿ ಚೆನ್ನಾಗಿ ಕೇಳುತ್ತಿತ್ತು.

ಈಗ ಏನೂ ಕೇಳುವುದಿಲ್ಲ. ನಿನ್ನ ಅಜ್ಜಿ ಬಾಯಿ ಆಡಿಸುವುದನ್ನು ನೋಡಿ ತಿಳಿದುಕೊಳ್ಳುತ್ತೇನೆ. ಆದರೆ ಒಂದು ಸಪ್ಪಳ ಮಾತ್ರ ಕೇಳುತ್ತದೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ, ಮಂದಿರವಿದ್ದ ಜಾಗದ ಹತ್ತಿರ ಹೋದರೆ, ಯಾರೋ ತುಂಬಿದ ಕೊಡವನ್ನು ಕಬ್ಬಿಣದ ಬ್ಯಾರಲಿಗೆ ಸುರಿದ ಹಾಗೆ. ಒಂದಾದ ಮೇಲೆ ಒಂದು. ಬಿಸಿಲು ಕಾಯುತ್ತಿರುತ್ತದೆ, ಆ ಜಾಗದಲ್ಲಿ ಈಗ ಬ್ಯಾರಲೂ ಇಲ್ಲ, ಕೊಡವೂ ಇಲ್ಲ. ಜೆಸಿಬಿ ಬಂದು ಎಲ್ಲ ಬಳಿದುಕೊಂಡು ಹೋದ ಮೇಲಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ಡಾಕ್ಟರು, ಕಿವಿ ಹೋದವರಿಗೆ ಹೀಗೆ ಆಗುತ್ತದೆ ಅಂದರು.

ಒಂದು ಮಾತು ಕೇಳುತ್ತೇನೆ. ಆ ಖಡಿ ಎಲ್ಲಿ ಹಾಕುತ್ತೀರಿ? ಜನ ಮಲಗುವ, ಮಕ್ಕಳು ಕೂಡುವ ಕಟ್ಟಡಕ್ಕೆ ಹಾಕಬೇಡ. ಯಾಕೆ ಎಂದು ಕೇಳಬೇಡ. ಹಿರಿಯ ಹೇಳಿದ ಎಂದು ತಿಳಿ.

ನಿನ್ನ ಮಾಮಾ
ವೈಜಿನಾಥ


ಹುಮನಾಬಾದ
5 ಜನವರಿ 2025

ವೈಜಿನಾಥ ಅವರಿಗೆ,

ನಿಮ್ಮ ಪತ್ರ ಓದಿದೆ. ಯಾಕೆ ಎಂದು ಕೇಳಬೇಡ ಎಂದರೆ ನನ್ನ ಕೆಲಸ ನಡೆಯುವುದಿಲ್ಲ. ನನಗೆ ಕೊಡದ ಸಪ್ಪಳ ಬೇಡ, ಕಾರಣ ಬೇಕು.

ರಾಶಿಯ ಮೇಲಿನಿಂದ ಮಾದರಿ ತೆಗೆದೆ. ಹಳೆಯ ಖಡಿಗೆ ಹಳೆಯ ಗಾರೆ ಅಂಟಿಕೊಂಡೇ ಇರುತ್ತದೆ, ಅದು ಹೊಸ ಖಡಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಅದಕ್ಕೇ ಮೊದಲು ನೆನೆಸಿಡಬೇಕು. ನಿಮ್ಮ ಮಂದಿರದ ಚೂರುಗಳನ್ನು ಬಕೇಟಿನಲ್ಲಿ ಮುಳುಗಿಸಿದಾಗ ಸಣ್ಣ ಗುಳ್ಳೆಗಳು ಎದ್ದು ಪಿಸಪಿಸ ಎಂದವು. ಎಲ್ಲ ಖಡಿಯೂ ಹಾಗೆ ಮಾಡುತ್ತದೆ. ಆದರೂ ಅವತ್ತು ನಾನು ಊಟಕ್ಕೆ ಹೋಗದೆ ಬಕೇಟಿನ ಪಕ್ಕದಲ್ಲೇ ಕುಳಿತಿದ್ದೆ.

ಪರೀಕ್ಷೆಯಲ್ಲಿ ಒಂದು ವಿಷಯ ಹೊರಬಿತ್ತು, ನಿಮಗೆ ತಿಳಿಸಲೇಬೇಕು. ಸಿಮೆಂಟು ಕಡಿಮೆ ಇರಲಿಲ್ಲ. ಒಡೆಯುವ ಯಂತ್ರ ಎರಡು ಸಲ ತಡವರಿಸಿತು, ಅಷ್ಟು ಗಟ್ಟಿ. ಕಬ್ಬಿಣ ತಿನ್ನುವ ಉಪ್ಪಿನ ಪರೀಕ್ಷೆಯೂ ಸರಿಯಾಗಿ ಬಂತು. ಹತ್ತು ವರ್ಷ ನಾನು ನಿಮ್ಮನ್ನು ಕಳ್ಳ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಹಾಗಾದರೆ ಅದು ಬಿದ್ದದ್ದು ಯಾಕೆ? ಮತ್ತು ಅರ್ಧವೇ ಯಾಕೆ?

ನೀವು ಬೇಡ ಎಂದ ಕಾರಣಕ್ಕೆ ಮಾಲು ನಿಲ್ಲಿಸಲಾರೆ. ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳ ವಸತಿನಿಲಯ ಏಳುತ್ತಿದೆ, ಅಲ್ಲಿಯ ಪಿಲ್ಲರುಗಳಿಗೆ ಹೋಗುತ್ತದೆ. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗಾಗಿ ಕಸ ಗುಡಿಸುತ್ತಿದ್ದಾಗ ಅವ್ವ ಆ ಸ್ಲ್ಯಾಬಿನ ಕೆಳಗೆ ಸತ್ತಳು. ಅದೇ ಕಲ್ಲು ಹುಡುಗಿಯರು ಓದುವ ಕಟ್ಟಡವನ್ನು ಹೊರಲಿ ಎಂಬುದು ನನ್ನ ಆಸೆ. ಆ ಆಸೆ ನನ್ನದು ಮಾತ್ರ, ಕೆಲಸದ ವರದಿಯಲ್ಲಿ ಹಾಗೆ ಬರೆದಿಲ್ಲ.

ಆಮ್ರಪಾಲಿ


ಹುಮನಾಬಾದ
11 ಫೆಬ್ರವರಿ 2025

ಮಾಮಾ,

ಒಂದು ತಿಂಗಳಾಯಿತು, ನಿಮ್ಮ ಉತ್ತರವಿಲ್ಲ. ಅಂಚೆ ತಪ್ಪಿಲ್ಲ, ವಿಚಾರಿಸಿದ್ದೇನೆ.

ಜನವರಿ ಕೊನೆಗೆ ಆರು ಪಿಲ್ಲರುಗಳು ಎದ್ದವು. ಮೊನ್ನೆ ನೋಡಲು ಬಸವಕಲ್ಯಾಣಕ್ಕೆ ಹೋಗಿದ್ದೆ. ನಾಲ್ಕು ಚೆನ್ನಾಗಿವೆ. ಹಿಂದಿನ ಸಾಲಿನ ಎರಡರ ಮೇಲೆ, ಮೊಣಕಾಲೆತ್ತರದಲ್ಲಿ, ಬಿಳಿ ಪುಡಿ ಎದ್ದಿತ್ತು. ಹೊಸ ಕಾಂಕ್ರೀಟಿಗೆ ಒಮ್ಮೊಮ್ಮೆ ಹಾಗೆ ಏಳುವುದುಂಟು, ಅದು ಸುಣ್ಣದ್ದು, ಒರೆಸಿದರೆ ಹೋಗುತ್ತದೆ. ಅಲ್ಲಿಯ ಇಂಜಿನಿಯರ್ ಬಸವಕುಮಾರ ಕೂಡ ಅದನ್ನೇ ಹೇಳಿದ. “ಏನ್ ಮೇಡಂ, ಪಿಲ್ಲರ್ ನೋಡಿ ಹೆದರ್ಕೊಂಡವರ ಹಂಗ ನಿಂತೀರಲ್ಲ?” ಎಂದು ನಕ್ಕ. ಅವನು ಆಚೆ ಹೋದ ಮೇಲೆ ಆ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿದೆ. ಇಂಜಿನಿಯರ್ ಆದವಳು ಮಾಡುವ ಕೆಲಸವಲ್ಲ. ಉಪ್ಪಾಗಿತ್ತು.

ತಿರುಗಿ ಬಂದು ಉಳಿದ ರಾಶಿಯ ತಳ ಕೆದರಿಸಿದೆ. ಮೊದಲು ಬಿದ್ದ ಅರ್ಧ ಮೊದಲ ಟಿಪ್ಪರುಗಳಲ್ಲೇ ಬಂದು ತಳದಲ್ಲಿದೆ ಎಂದು ನನಗೆ ಹೊಳೆದಿರಲೇ ಇಲ್ಲ, ನಾನು ಮಾದರಿ ತೆಗೆದದ್ದು ಮೇಲಿನಿಂದ. ತಳದಿಂದ ಬಂದ ಒಂದು ಕಾಂಕ್ರೀಟಿನ ಗಟ್ಟಿಯಲ್ಲಿ ಕಬ್ಬಿಣದ ಸರಳಿನ ತುಂಡಿತ್ತು. ಬೆರಳು ದಪ್ಪ ಇರಬೇಕಾದದ್ದು ದಬ್ಬಣದಷ್ಟು ಉಳಿದಿತ್ತು. ಕೈಯಲ್ಲಿ ಹಿಡಿದರೆ ಕೆಂಪು ಪುಡಿಯಾಗಿ ಉದುರಿತು. ಮೇಲಿನ ಗಟ್ಟಿಗಳ ಸರಳು ಇಂದಿಗೂ ಸರಿಯಾಗಿದೆ.

ಒಂದೇ ಸ್ಲ್ಯಾಬು, ಒಂದೇ ದಿನ ಹಾಕಿದ್ದು, ಒಂದೇ ಕೈ. ಒಂದು ಕಡೆ ಮಾತ್ರ ಉಪ್ಪು ಹೇಗೆ ಬಂತು? ಪರೀಕ್ಷೆಯ ಔಷಧ ಮುಗಿದಿದೆ, ಬೀದರದಿಂದ ಬರಬೇಕು. ಅದು ಬರುವ ಮೊದಲು ನೀವು ಹೇಳಿ. ಮೇಲೆ ‘ಮಾಮಾ’ ಎಂದು ಬರೆದು ಹೊಡೆದುಹಾಕಬೇಕೆಂದಿದ್ದೆ. ಬಿಟ್ಟಿದ್ದೇನೆ.

ಆಮ್ರಪಾಲಿ


ಮುಡಬಿ
20 ಫೆಬ್ರವರಿ 2025

ಚಿ. ಆಮ್ರಪಾಲಿಗೆ,

ಜೈ ಭೀಮ. ನಿನ್ನ ಹಿಂದಿನ ಕಾಗದಕ್ಕೆ ನಾಲ್ಕು ಸಲ ಬರೆದೆ, ನಾಲ್ಕು ಸಲ ಒಲೆಗೆ ಹಾಕಿದೆ. ಆ ಒಂದು ತಿಂಗಳಲ್ಲಿ ಆರು ಪಿಲ್ಲರು ಎದ್ದವು ಎಂದು ಬರೆದಿದ್ದೀ. ಅದೂ ನನ್ನ ತಲೆಯ ಮೇಲೇ ಇರಲಿ.

1993ರ ಮೇ ತಿಂಗಳು. ಬೆಳಿಗ್ಗೆ ಏಳಕ್ಕೆ ಪಶ್ಚಿಮದ ಕಡೆಯಿಂದ ಸ್ಲ್ಯಾಬು ಶುರು ಮಾಡಿದೆವು. ನಮ್ಮ ಓಣಿಗೆ ಆಗ ಸಿಹಿನೀರು ಇರಲಿಲ್ಲ. ಊರ ಧಣಿಯ ಹೊಲದ ಬಾವಿಯಿಂದ ಆ ಒಂದು ದಿನ ನೀರು ತರಲು ಒಪ್ಪಿಗೆ ಸಿಕ್ಕಿತ್ತು. ನಾವು ಬಾವಿ ಮುಟ್ಟಬಾರದು, ಅವರ ಆಳು ಸೇದಿ ಸುರಿಯಬೇಕು. ಅದಕ್ಕೂ ಹೂಂ ಅಂದಿದ್ದೆವು. ಹನ್ನೊಂದರ ಹೊತ್ತಿಗೆ ಅರ್ಧ ಸ್ಲ್ಯಾಬು ಮುಗಿದಿತ್ತು. ನೀರಿಗೆ ಹೋದ ಹೆಣ್ಣುಮಕ್ಕಳು ಖಾಲಿ ಕೊಡ ಹೊತ್ತು ತಿರುಗಿ ಬಂದರು. “ಬಾವಿ ಗೇಟಿಗೆ ಕೀಲಿ ಹಾಕ್ಯಾರಣ್ಣಾ” ಅಂದರು.

ಓಡಿದೆ. ಧಣಿ ನೆರಳಿನಲ್ಲಿ ಕುಂತಿದ್ದರು. “ಮಂದಿರ ಅಂದ್ರ ಒಂದ್ ಸಣ್ಣ ಖೋಲಿ ಅಂದ್ಕೊಂಡಿದ್ನೆಲೇ ವೈಜ್ಯಾ. ನನ್ನ ಮನಿಗಿಂತ ಎತ್ರ ಕಟ್ಟಾಕತ್ತೀರಂತಲ್ಲ?” ಅಂದರು. “ಇವತ್ತೊಂದ್ ದಿನ ಕೊಡ್ರಿ ಧಣೀ, ಅರ್ಧಾ ಆಗೇದ, ನಡುವ ನಿಲ್ಸಾಕ ಬರಂಗಿಲ್ರಿ” ಎಂದು ಕೈ ಮುಗಿದೆ. “ನೀರ ಮುಗದಾವ. ಹೋಗು” ಅಂದರು. ಬಾವಿಯಲ್ಲಿ ನೀರು ಹೊಳೆಯುವುದು ನಾನು ನಿಂತಲ್ಲಿಗೇ ಕಾಣುತ್ತಿತ್ತು.

ಸ್ಲ್ಯಾಬನ್ನು ನಡುವೆ ನಿಲ್ಲಿಸಿದರೆ ಅಲ್ಲೊಂದು ಸೀಳು ಉಳಿಯುತ್ತದೆ, ನಿನಗೆ ಹೇಳಬೇಕಾಗಿಲ್ಲ. ಹಳ್ಳದ ದಂಡೆಗೆ ಒಂದು ಸೌಳು ಬಾವಿ ಇತ್ತು. ದನಗಳೂ ಮೂಸಿ ಮುಖ ತಿರುಗಿಸುತ್ತಿದ್ದ ಉಪ್ಪು ನೀರು. ಪೂರ್ವದ ಅರ್ಧವನ್ನು ಆ ನೀರಿನಲ್ಲೇ ಕಲಸಿದೆವು. ಆಮೇಲೆ ಗಟ್ಟಿಯಾಗಲೆಂದು ಹತ್ತು ದಿನ ಆ ಅರ್ಧದ ಮೇಲೆ ಅದೇ ನೀರು ಹಾಕಿದೆವು. ಕಬ್ಬಿಣಕ್ಕೆ ಉಪ್ಪು ಆಗದು ಎಂದು ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿದ್ದರು. ಗೊತ್ತಿದ್ದೂ ತರಲು ಹೇಳಿದೆ. ಇದನ್ನು ಮಾತ್ರ ನೆನಪಿಡು: ತರಲು ಹೇಳಿದವನು ನಾನು. ಬೇರೆ ಯಾರೂ ಅಲ್ಲ.

ಇಪ್ಪತ್ತೊಂದು ವರ್ಷ ಆ ಉಪ್ಪು ಒಳಗೇ ಕಬ್ಬಿಣ ತಿಂದಿದೆ. ರತ್ನಮಾಲಾಳನ್ನು ಹೊರಗೆ ತೆಗೆದಾಗ ಅವಳ ಸೀರೆಯ ಮೇಲೆಲ್ಲ ಆ ಕೆಂಪು ಪುಡಿ ಬಿದ್ದಿತ್ತು. ಜನ ರಕ್ತ ಅಂದುಕೊಂಡರು. ನನಗೆ ತಿಳಿಯಿತು.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ಹೇಳಿದ್ದರೆ, ಆ ನೀರು ಹೊತ್ತವರು ಯಾರು ಎಂದು ಯಾರಾದರೂ ಕೇಳುತ್ತಿದ್ದರು. ಅದಕ್ಕಿಂತ ಸಿಮೆಂಟ್ ಕಳ್ಳ ಅನ್ನಿಸಿಕೊಳ್ಳುವುದೇ ಹಗುರ ಅನ್ನಿಸಿತು.

ಪಿಲ್ಲರು ಒಡೆಸು. ನನ್ನ ಹೆಸರು ಹೇಳು.

ವೈಜಿನಾಥ


ಹುಮನಾಬಾದ
23 ಮಾರ್ಚ್ 2025

ಮಾಮಾ,

ಔಷಧ ಬಂತು. ತಳದ ಖಡಿ ಕುಟ್ಟಿ ಪುಡಿ ಮಾಡಿ ನೀರಿನಲ್ಲಿ ಕದಡಿ, ಸೋಸಿ, ನಾಲ್ಕು ಹನಿ ಬಿಟ್ಟೆ. ಲೋಟದೊಳಗೆ ಹಾಲು ಸುರಿದ ಹಾಗೆ ಆಯಿತು. ಮೂವತ್ತೆರಡು ವರ್ಷದ ಹಿಂದಿನ ಆ ಬಾವಿಯ ನೀರು ನನ್ನ ಮೇಜಿನ ಮೇಲೆ ಬೆಳ್ಳಗೆ ನಿಂತಿತ್ತು. ಲೋಟ ತೊಳೆಯಲು ಮನಸ್ಸಾಗಲಿಲ್ಲ. ಎರಡು ದಿನ ಹಾಗೇ ಇಟ್ಟಿದ್ದೆ.

ಬಸವಕುಮಾರ ಒಪ್ಪಲಿಲ್ಲ. “ಐದರಾಗ ಒಂದ್ ಪಾಲ್ ಅಷ್ಟ ಅಲ್ಲೇನ್ರಿ? ಲೆಕ್ಕಾ ಹಾಕ್ರಿ, ಉಪ್ಪು ಮಿತಿ ಒಳಗ ಬರ್ತದ” ಎಂದ. ಅವನ ಲೆಕ್ಕ ಸರಿಯೇ ಇತ್ತು. ಪಿಲ್ಲರುಗಳಿಂದ ಮಾದರಿ ಕೊರೆದು ತೆಗೆಯೋಣ ಎಂದೆ. ನಾಲ್ಕು ಸರಿ ಬಂದವು. ಬಿಳಿ ಪುಡಿ ಎದ್ದ ಎರಡರಲ್ಲಿ ಮಿತಿಗಿಂತ ಬಹಳ ಹೆಚ್ಚು. ವಿಚಾರಿಸಿದರೆ, ಅವತ್ತು ಹೊಸ ಖಡಿಯ ಗಾಡಿ ಬರುವುದು ತಡವಾಯಿತೆಂದು ಕೆಲಸದವರು ಆ ಎರಡಕ್ಕೆ ನಮ್ಮ ಖಡಿಯನ್ನೇ ತುಂಬಿದ್ದರು. ಅದೂ ತಳದ ಖಡಿ. ಅವರಿಗೆ ಎಲ್ಲ ಕಲ್ಲೂ ಒಂದೇ.

ಬಸವಕುಮಾರ ನಕ್ಷೆ ಬಿಡಿಸಿ ನೋಡಿದ. ಕೊನೆಗೆ, “ಇವು ಹುಡುಗ್ಯಾರು ಮಲ್ಕೊಳ್ಳೋ ಖೋಲಿ ಕೆಳಗಿನ ಪಿಲ್ಲರ್ ಅದಾವ” ಎಂದ. ಅವನೇ ಸುತ್ತಿಗೆ ತರಿಸಿದ. ನಮ್ಮ ಕ್ರಷರಿನ ಯಜಮಾನ ಏಜಾಜ್ ಸಾಹೇಬರು ನನ್ನ ಮೇಲೆ ರೇಗಾಡಿದರು, ಮೇಲಿನಿಂದ ಮಾತ್ರ ಮಾದರಿ ತೆಗೆದದ್ದು ನನ್ನ ತಪ್ಪು, ಒಪ್ಪಿಕೊಂಡೆ. ವರದಿಯಲ್ಲಿ ನಾನೇ ಬರೆದು ಸಹಿ ಹಾಕಿದ್ದೇನೆ. ಎರಡು ಪಿಲ್ಲರುಗಳನ್ನು ಒಡೆದು ಹೊಸದಾಗಿ ಹಾಕಿದರು. ಒಡೆಯುವಾಗ ನಾನು ಅಲ್ಲೇ ನಿಂತಿದ್ದೆ. ಪ್ರತಿ ಪೆಟ್ಟಿಗೂ ಅವ್ವನ ಮೇಲೆ ಎರಡನೆಯ ಸಲ ಏನೋ ಬೀಳುತ್ತಿರುವ ಹಾಗೆ ಆಗಿ ಕಿವಿ ಮುಚ್ಚಿಕೊಂಡೆ.

ಇನ್ನೊಂದು ಮಾತು. ಹೋದ ವಾರ ಅಜ್ಜಿ ಕಣ್ಣು ತೋರಿಸಲು ಹುಮನಾಬಾದಿಗೆ ಬಂದವಳು ಎರಡು ದಿನ ನನ್ನ ಖೋಲಿಯಲ್ಲಿದ್ದಳು. ಪಕ್ಕದ ಮಾಣಿಕನಗರದ ಗುಡಿ ನೋಡಬೇಕೆಂದಳು, ಕರೆದುಕೊಂಡು ಹೋದೆ. ಅಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತಾಗ ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಸುಳ್ಳ ಬರದಾನ” ಅಂದಳು.

“ಯಾವುದಜ್ಜಿ ಸುಳ್ಳು?”

“ಅಂವಾ ಬ್ಯಾಡ ಅಂದಿದ್ದ. ಸೀಳು ಬಿದ್ರ ಬೀಳ್ಲಿ, ನಿಲ್ಸೂಣು ಅಂದ. ಕೊಡಾ ತಗೊಂಡು ಮೊದಲ ಹಳ್ಳಕ್ಕ ಇಳದಕಿ ನಿಮ್ಮವ್ವ. ಹತ್ತೊಂಬತ್ತ್ ವರ್ಷದ ಹುಡುಗಿ. ಎಲ್ಲಾರ ಮುಂದ ಆ ನೀರ ಬೊಗಸ್ಲೆ ಕುಡದ್ಲು. ‘ನೋಡಣ್ಣಾ, ನಾ ಕುಡದೀನಿ, ಏನರ ಆತೇನು? ಅವರ ಕೀಲಿ ಅವರ ಹಂತ್ಯಾಕ ಇರ್ಲಿ, ಮಂದಿರ ಇವತ್ತ ಮುಗೀಬೇಕು’ ಅಂದ್ಲು. ಅಕಿ ಮಾರಿ ನೋಡಿ ಇಂವಾ ಇಲ್ಲ ಅನ್ನಾಕ ಆಗ್ಲಿಲ್ಲ.”

ಅಷ್ಟು ಹೇಳಿ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. 

ಹತ್ತು ವರ್ಷ ನೀನು ಅವ್ವನ ಕೊಡವನ್ನು ಬಚ್ಚಿಟ್ಟು ಕಳ್ಳನಾಗಿ ಬದುಕಿದೆ. ಕಾಗದದಲ್ಲಿ ಕೂಡ ನನಗೆ ಸುಳ್ಳು ಬರೆದೆ. ನನಗೆ ಸಿಟ್ಟು ಬಂದಿದೆ ಮಾಮಾ, ಆದರೆ ಅದು ಹಳೆಯ ಸಿಟ್ಟಲ್ಲ. ಬೊಗಸೆಯಲ್ಲಿ ಸೌಳು ನೀರು ಕುಡಿದು ತೋರಿಸಿದ ಆ ಹುಡುಗಿಯನ್ನು ನೀನು ನನ್ನಿಂದಲೂ ಬಚ್ಚಿಟ್ಟೆ. ನನಗೆ ಗೊತ್ತಿದ್ದದ್ದು ಕಸಬರಿಗೆ ಹಿಡಿದು ಸತ್ತ ಅವ್ವ ಮಾತ್ರ. ಇವಳೂ ನನಗೆ ಬೇಕು.

ಉಪ್ಪಿನ ಖಡಿಯನ್ನು ಬೇರೆ ರಾಶಿ ಮಾಡಿಸಿದ್ದೇನೆ. ಸರಳು ಇಲ್ಲದ ಕೆಲಸಕ್ಕೆ, ಕಾಲುದಾರಿಗೆ, ನೆಲಕ್ಕೆ ಅದು ಆಗುತ್ತದೆ. ಅದಕ್ಕೆ ಕಬ್ಬಿಣ ಸೇರಬಾರದು ಅಷ್ಟೇ.

ಓಣಿಯವರಿಗೆ ಹೇಳು. ಕೀಲಿಯ ಮಾತೂ ಹೇಳು, ಅವ್ವನ ಮಾತೂ ಬಿಡದೆ ಹೇಳು. ಹೇಳಿದ ಮೇಲೆ ಬರೆ.

ನಿನ್ನ
ಪಾಲಿ


ಮುಡಬಿ
16 ಏಪ್ರಿಲ್ 2025

ಚಿ. ಪಾಲಿಗೆ,

ಜೈ ಭೀಮ. ಮೊನ್ನೆ ಹದಿನಾಲ್ಕಕ್ಕೆ ಬಾಬಾಸಾಹೇಬರ ಜಯಂತಿ ಆಯಿತು. ಮಂದಿರವಿದ್ದ ಖಾಲಿ ಜಾಗದಲ್ಲೇ ಪೆಂಡಾಲು ಹಾಕಿದ್ದರು. ಭಾಷಣಗಳೆಲ್ಲ ಮುಗಿದ ಮೇಲೆ ನಾನು ಎದ್ದು ನಿಂತೆ. ಹತ್ತು ವರ್ಷದಿಂದ ನಾನು ಸಭೆಯಲ್ಲಿ ಹಿಂದೆ ಕೂಡುವವನು. ಕಮಿಟಿಯ ಧಮ್ಮಪಾಲ ಕೈ ಸನ್ನೆಯಿಂದ ಕುಳಿತುಕೋ ಎಂದ. ನಾನು ಹೋಗಿ ಮೈಕು ತೆಗೆದುಕೊಂಡೆ. ನನ್ನ ದನಿ ನನಗೇ ಕೇಳುವುದಿಲ್ಲ, ಎಷ್ಟು ಜೋರಾಗಿ ಹೇಳಿದೆನೋ ಗೊತ್ತಿಲ್ಲ.

ಎಲ್ಲ ಹೇಳಿದೆ. ಬಾವಿಯ ಕೀಲಿ, ಸೌಳು ನೀರು, ನಾನು ಬೇಡ ಅಂದದ್ದು, ರತ್ನಮಾಲಾ ಬೊಗಸೆಯಲ್ಲಿ ಕುಡಿದದ್ದು. “ನಮ್ಮ ತಂಗಿ ಹೊತ್ತ ನೀರೇ ನಮ್ಮ ತಂಗಿ ಮ್ಯಾಲ ಬಿತ್ತು. ಅದನ್ನ ಹ್ಯಾಂಗ ಹೇಳ್ಲಿ ಅಂತ ಸುಮ್ಮ ಇದ್ದೆ” ಅಂದೆ. ಮೈಕು ಕೆಳಗಿಟ್ಟೆ. ಜನ ನನ್ನನ್ನೇ ನೋಡುತ್ತಿದ್ದರು. ಈಗ ಬೈಯುತ್ತಾರೆ ಅಂದುಕೊಂಡೆ.

ಆಗ ಹೆಂಗಸರ ಕಡೆಯಿಂದ ಮುನ್ನಿ ಬೀ ಎದ್ದಳು. ನಮ್ಮ ಓಣಿಯ ಮೂಲೆಯ ಮನೆಯವಳು, ಎಪ್ಪತ್ತು ದಾಟಿದವಳು, ಕೋಲು ಹಿಡಿದೇ ನಿಲ್ಲುವವಳು. ಏನೋ ಅಂದಳು, ನನಗೆ ತಿಳಿಯಲಿಲ್ಲ. ನನಗೆ ಕೇಳುವುದಿಲ್ಲ ಎಂದು ನೆನಪಾಗಿ, ಕೋಲು ಬಿಟ್ಟು ಒಂದು ಕೈಯನ್ನು ಮೇಲೆತ್ತಿ ತಲೆಯ ಮೇಲೆ ಹಿಡಿದಳು, ಕೊಡ ಹೊತ್ತವರು ಹಿಡಿಯುವ ಹಾಗೆ. ಇನ್ನೊಂದು ಕೈ ಎದೆಗೆ ಬಡಿದುಕೊಂಡಳು.

ಅವಳ ಪಕ್ಕದಲ್ಲಿ ಇನ್ನೊಬ್ಬಳು ಎದ್ದಳು. ಆಮೇಲೆ ಮತ್ತೊಬ್ಬಳು. ಅವತ್ತು ಹದಿನಾಲ್ಕು ಮಂದಿ ನೀರು ಹೊತ್ತಿದ್ದರು ಪಾಲಿ, ಅದರಲ್ಲಿ ಒಂಬತ್ತು ಮಂದಿ ಇನ್ನೂ ಇದ್ದಾರೆ. ಒಂಬತ್ತೂ ಜನ ಒಬ್ಬೊಬ್ಬರಾಗಿ ಎದ್ದು ಕೈಯನ್ನು ತಲೆಯ ಮೇಲಿಟ್ಟುಕೊಂಡು ನಿಂತರು. ಆಮೇಲೆ ಅಜ್ಜಿ ನನಗೆ ತಿಳಿಸಿದಳು: ಸ್ಲ್ಯಾಬು ಬಿದ್ದ ದಿನದಿಂದ ಒಬ್ಬೊಬ್ಬಳೂ ಅದನ್ನು ಬೀಳಿಸಿದ್ದು ತನ್ನ ಕೊಡದ ನೀರೇ ಇರಬೇಕು ಎಂದುಕೊಂಡು, ಪಕ್ಕದವಳಿಗೂ ಹೇಳದೆ ಇಷ್ಟು ವರ್ಷ ಕಳೆದಿದ್ದಾಳೆ.

ಅವರು ಬಹಳ ಹೊತ್ತು ಹಾಗೇ ನಿಂತಿದ್ದರು. ನಾನು ಕೈ ಇಳಿಸಿರಿ ಅಂದೆ, ಇಳಿಸಲಿಲ್ಲ. ನಿನ್ನ ಅಜ್ಜಿ ಒಬ್ಬೊಬ್ಬಳ ಹತ್ತಿರ ಹೋಗಿ ಕೈ ಹಿಡಿದು ತಾನೇ ಕೆಳಗೆ ಇಳಿಸಿದಳು.

ಭಾನುವಾರ ಬಾ. ಅವರು ನಿನ್ನನ್ನು ನೋಡಬೇಕಂತೆ.

ನಿನ್ನ ಮಾಮಾ
ವೈಜಿನಾಥ